ಪುಟ್ಟಿಯ ಪರಮ ಪ್ರಸಾದ

ಮಕ್ಕಳ ಬಾಳಿನಲ್ಲಿ ‘ಮೊದಲು’ಗಳಿಗೆ ಲೆಕ್ಕವಿಲ್ಲ. ಮೊದಲ ಹಲ್ಲು, ಮೊದಲ ಹೆಜ್ಜೆ, ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸಿದ ಮೊದಲ ಅಕ್ಷರ, ಶಾಲೆಯ ಬಾಗಿಲಲ್ಲಿ ಸುರಿಸಿದ ಮೊದಲ ಕಣ್ಣೀರು, ಇವೆಲ್ಲವನ್ನೂ ತಾಯಂದಿರು ಮನಸ್ಸಿನಲ್ಲಿ ಜೋಪಾನವಾಗಿ ಮಡಿಸಿಡುತ್ತಾರೆ. ನಮ್ಮಂಥ ಕಥೋಲಿಕ ಕ್ರೈಸ್ತರ ಮನೆಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರುತ್ತದೆ: ಪ್ರಥಮ ಪರಮ ಪ್ರಸಾದ. ಮಂಗಳೂರು ಕಡೆಯ ಕೊಂಕಣಿ ಬಾಂಧವರು ಪರಮ ಪ್ರಸಾದವನ್ನು ‘ಕುಮ್ಗಾರ್’ ಎನ್ನುತ್ತಾರೆ. ಹೆಸರು ಏನೇ ಇರಲಿ, ಮಗುವಿಗೆ ಬಿಳಿಯ ಉಡುಪು, ಕೈಯಲ್ಲಿ ಮೇಣದ ಬತ್ತಿ, ಮನೆಯವರ ಮುಖದಲ್ಲಿ ಹಬ್ಬದ ಕಳೆ ಎಲ್ಲೆಡೆಯೂ ಒಂದೇ.

“ಇದು ನಮ್ಮಲ್ಲಿ ಉಪನಯನ ಮಾಡುವ ಹಾಗೇನಮ್ಮಾ?” ಎಂದು ನೆರೆಮನೆಯ ಗೃಹಿಣಿ ನನ್ನನ್ನು ಕೇಳಿದುದುಂಟು. ಕೇಳಿದ್ದು ಸಹಜವೇ. ಎರಡರಲ್ಲಿಯೂ ಮಗು ಹಿರಿಯರ ಬಳಗಕ್ಕೆ ಒಂದು ಮೆಟ್ಟಿಲು ಹತ್ತುತ್ತದೆ. ಆದರೆ ಉಪನಯನವು ವಿದ್ಯೆಯ ಬಾಗಿಲು. ಇದು ಊಟದ ಪಂಕ್ತಿ. ತಾನು ಮರಣಹೊಂದುವ ಮುನ್ನಾದಿನದ ರಾತ್ರಿ ಯೇಸುಸ್ವಾಮಿ ಶಿಷ್ಯರೊಡನೆ ಕುಳಿತು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿ, ಅವು ತನ್ನ ದೇಹ ಮತ್ತು ರಕ್ತವೆಂದು ಹೇಳಿ, ತನ್ನ ನೆನಪಿಗಾಗಿ ಹಾಗೆಯೇ ಮಾಡಿರೆಂದು ಅಪ್ಪಣೆಯಿತ್ತನಷ್ಟೆ. ಪ್ರತಿಯೊಂದು ಬಲಿಪೂಜೆಯಲ್ಲಿಯೂ ನಡೆಯುವುದು ಅದೇ ಭೋಜನ. ಗುರುಗಳು ಮಂತ್ರಿಸಿದ ರೊಟ್ಟಿ ಕಣ್ಣಿಗೆ ರೊಟ್ಟಿಯಾಗಿ ಕಂಡರೂ ಅದು ಸಾಕ್ಷಾತ್ ಕ್ರಿಸ್ತನೇ ಎಂಬುದು ನಮ್ಮ ನಂಬಿಕೆ. ಆ ಪಂಕ್ತಿಯಲ್ಲಿ ಮಗುವಿಗೆ ಮೊದಲ ಬಾರಿ ಎಡೆ ಬೀಳುವ ದಿನವೇ ಪ್ರಥಮ ಪರಮ ಪ್ರಸಾದದ ದಿನ.

ನನ್ನ ಮೊಮ್ಮಗಳಿಗೆ ಆ ಎಡೆ ದೊರೆತ ಬಗೆಯನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುತ್ತೇವೆ. ಹುಟ್ಟಿದಾಗಲೇ ವೈದ್ಯರು ಡೌನ್ ಸಿಂಡ್ರೋಮ್ ಎಂದು ಹೇಳಿದ್ದರು. ಮಾತು ಕಡಮೆ, ಇದ್ದ ಮಾತೂ ಬಿಡಿ ಬಿಡಿ. ನಗೆ ಮಾತ್ರ ಧಾರಾಳ. ಎಂಟು ವರ್ಷ ತುಂಬಿದಾಗ ಅವಳ ಓರಗೆಯ ಮಕ್ಕಳೊಡನೆ ಅವಳನ್ನೂ ಭಾನುವಾರದ ಧರ್ಮೋಪದೇಶದ ತರಗತಿಗೆ ಸೇರಿಸಿದೆವು.

ಈ ತರಗತಿಗಳಲ್ಲಿ ಕಲಿಸುವುದು ಅಲ್ಪವಲ್ಲ. ಶಿಲುಬೆಯ ಗುರುತು, ಪ್ರಭು ಕಲಿಸಿದ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಸಂಗ್ರಹ, ದೇವರ 10 ಕಟ್ಟಳೆಗಳು, 7 ಸಂಸ್ಕಾರಗಳು, ಪಾಪನಿವೇದನೆಯ ಕ್ರಮ ಎಲ್ಲವೂ ಬಾಯಿಗೆ ಬರಬೇಕು. ಸಂಸ್ಕಾರಗಳೆಷ್ಟು ಎಂದು ಕೇಳಿದರೆ ಪುಟ್ಟಿ ಎರಡು ಕೈಗಳ ಬೆರಳುಗಳನ್ನೂ ಅರಳಿಸಿ ತೋರಿಸುತ್ತಿದ್ದಳು. ಕಟ್ಟಳೆಗಳೆಷ್ಟು ಎಂದರೂ ಅದೇ ಉತ್ತರ; ಅದೊಂದು ಸರಿಯಾಗುತ್ತಿತ್ತು. ಪಾಠ ಹೇಳುತ್ತಿದ್ದವರು ಒಳ್ಳೆಯವರೇ. “ಮುಂದಿನ ವರ್ಷ ನೋಡೋಣ” ಎಂದರು. ಮುಂದಿನ ವರ್ಷವೂ ಅದೇ ಮಾತು ಬಂತು. ಅವಳ ಜೊತೆಯವರೆಲ್ಲ ಬಿಳಿ ಉಡುಪು ತೊಟ್ಟು ನಡೆದುಹೋದರು.

ಭಾನುವಾರದ ಪೂಜೆಯಲ್ಲಿ ಪ್ರಸಾದ ಸ್ವೀಕರಿಸಲು ಜನ ಸಾಲಾಗಿ ಮುಂದೆ ಸಾಗುವಾಗ ಪುಟ್ಟಿಯೂ ತಾಯಿಯ ಸೆರಗು ಹಿಡಿದು ಹೋಗುತ್ತಿದ್ದಳು. ಗುರುಗಳು ತಾಯಿಗೆ ಪ್ರಸಾದವಿತ್ತು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಬರೆದು ಕಳುಹಿಸುವರು. ಅವಳು ಕದಲದೆ ತಲೆಯೆತ್ತಿ ಕೇಳುವಳು: “ನಂಗೆ?” ಎರಡು ವರ್ಷಗಳ ಕಾಲ, ಭಾನುವಾರ ಬಿಡದೆ, ಆ ಒಂದೇ ಪ್ರಶ್ನೆ. ಸೊಸೆ ಕಣ್ಣೊರೆಸಿಕೊಳ್ಳುತ್ತಾ ಅವಳನ್ನು ಬೆಂಚಿಗೆ ಕರೆತರುತ್ತಿದ್ದಳು. ಮಗನಂತೂ, “ಬಿಡಮ್ಮಾ, ಅಷ್ಟು ಜನರ ಮುಂದೆ ಮಗು ನಗೆಪಾಟಲಾಗುವುದು ಬೇಡ. ದೇವರಿಗೆ ತಿಳಿಯದೇ?” ಎನ್ನುವನು. ತಂದೆಯ ಕರುಳು ಆಡಿಸಿದ ಮಾತು ಅದು. ಆದರೆ ಬೇಡವೆಂದು ಹೇಳುತ್ತಿದ್ದವನು ಅವನು. ಬೇಕೆಂದು ಕೇಳುತ್ತಿದ್ದವಳು ಅವಳು.

ನಾನು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಉತ್ತರ ಹೇಳಬಲ್ಲ ಮಗುವಿಗೆಲ್ಲ ವಿಷಯ ತಿಳಿದಿರುವುದಿಲ್ಲ, ಉತ್ತರ ಬಾರದ ಮಗುವಿಗೆಲ್ಲ ತಿಳಿಯದೆಯೂ ಇರುವುದಿಲ್ಲ ಎಂಬುದನ್ನು ಚೆನ್ನಾಗಿ ಬಲ್ಲೆ. ಈ ಪಂಕ್ತಿಗೆ ಕೂರಲು ನಿಜವಾಗಿ ಬೇಕಾದ ತಿಳಿವಳಿಕೆ ಎಷ್ಟು ಎಂದು ಓದಿ ನೋಡಲು ಕುಳಿತೆ. ಓದಿದಂತೆಲ್ಲ ಆಶ್ಚರ್ಯವಾಯಿತು. ಧರ್ಮಸಭೆಯ ಮೊದಲ ಶತಮಾನಗಳಲ್ಲಿ ಹಸುಗೂಸುಗಳಿಗೂ ಪ್ರಸಾದ ಕೊಡುತ್ತಿದ್ದರು. ಪೂರ್ವದೇಶಗಳ ಆರ್ಥೊಡಾಕ್ಸ್ ಸಭೆಗಳಲ್ಲಿ ಇಂದಿಗೂ ದೀಕ್ಷಾಸ್ನಾನದೊಡನೆಯೇ ಕೊಡುತ್ತಾರೆ. ಪಶ್ಚಿಮದಲ್ಲಿ ಆ ರೂಢಿ ಕ್ರಮೇಣ ತಪ್ಪಿತು. 1215ರ ಲ್ಯಾಟೆರನ್ ಮಹಾಸಭೆ, ವಿವೇಕ ಮೂಡುವ ವಯಸ್ಸಿಗೆ ಬಂದವರು ವರ್ಷಕ್ಕೊಮ್ಮೆಯಾದರೂ ಪ್ರಸಾದ ಸ್ವೀಕರಿಸಬೇಕೆಂದು ವಿಧಿಸಿತು. ಆ ವಯಸ್ಸು ಯಾವುದೆಂಬುದನ್ನು ಜನ ಬೇರೆ ಬೇರೆಯಾಗಿ ಎಣಿಸಿ, ಎಷ್ಟೋ ಕಡೆ ಮಕ್ಕಳು ಹನ್ನೆರಡು ಹದಿನಾಲ್ಕು ವರ್ಷದವರೆಗೂ ಕಾಯುವಂತಾಯಿತು.

ಈ ಕಾಯುವಿಕೆಯನ್ನು ಕೊನೆಗಾಣಿಸಿದವರು ಪೋಪ್ ಹತ್ತನೆಯ ಪಯಸ್. 1910ರ ಆಗಸ್ಟ್ 8ರಂದು ರೋಮಿನಿಂದ ಹೊರಟ ಆದೇಶವು, ಮಗುವಿಗೆ ಸುಮಾರು ಏಳು ವರ್ಷವಾದರೆ ಸಾಕು, ಧರ್ಮದ ಪೂರ್ಣ ಜ್ಞಾನ ಅಗತ್ಯವಿಲ್ಲ ಎಂದು ಸಾರಿತು. ಪ್ರಸಾದದ ರೊಟ್ಟಿ ಬೇರೆ, ದಿನನಿತ್ಯದ ರೊಟ್ಟಿ ಬೇರೆ ಎಂಬ ಭೇದವನ್ನು ಮಗು ಅರಿತು, ತನ್ನ ವಯಸ್ಸಿಗೆ ತಕ್ಕ ಭಕ್ತಿಯಿಂದ ಬಂದರಾಯಿತು. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ನಮ್ಮ ಪುಟ್ಟಿಗೆ ಸಂಸ್ಕಾರಗಳನ್ನು ಎಣಿಸಲು ಬಾರದಿರಬಹುದು. ಭೇದ ತಿಳಿಯದಿದ್ದರೆ, ತಾಯಿಯ ಕೈಯ ಚಪಾತಿಯನ್ನು ಕೇಳದೇ ಎತ್ತಿಕೊಳ್ಳುವವಳು ಬಲಿಪೀಠದ ಮುಂದೆ ಮಾತ್ರ ಕೈಜೋಡಿಸಿ “ನಂಗೆ?” ಎಂದು ಕೇಳುವುದೇಕೆ?

ಆ ವರ್ಷ ನಮ್ಮ ಧರ್ಮಕೇಂದ್ರಕ್ಕೆ ಹೊಸ ಗುರುಗಳು ಬಂದಿದ್ದರು. ಸೊಸೆಯೂ ನಾನೂ ಹೋಗಿ ಕಂಡೆವು. ಅವರು ಸಾವಧಾನವಾಗಿ ಕೇಳಿ, ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗೂ ಸಾಧ್ಯವಾದಲ್ಲೆಲ್ಲ ಪ್ರಸಾದ ದೊರೆಯಬೇಕು, ಅವರು ಅದನ್ನು ತಮ್ಮ ಕುಟುಂಬದ ಮತ್ತು ಸಮುದಾಯದ ವಿಶ್ವಾಸದ ಬಲದಿಂದಲೂ ಸ್ವೀಕರಿಸುತ್ತಾರೆ ಎಂದು 2007ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಬರೆದುದನ್ನು ನಮಗೆ ತಿಳಿಸಿದರು. ಬಳಿಕ ನಗುತ್ತಾ ಹೇಳಿದರು: “ಮಗುವನ್ನು ಸಿದ್ಧಮಾಡುವ ಹೊಣೆ ಮೊದಲು ತಂದೆತಾಯಿಗಳದು, ಆಮೇಲೆ ನನ್ನದು. ನೀವು ಮನೆಯನ್ನು ಸಿದ್ಧಮಾಡಿ. ಮಗು ತಾನಾಗಿ ಸಿದ್ಧವಾಗುತ್ತದೆ.”

ಮನೆಯನ್ನು ಸಿದ್ಧಮಾಡುವುದೆಂದರೇನು? ಪುಸ್ತಕವನ್ನು ಬದಿಗಿಟ್ಟು ಅಡಿಗೆಮನೆಯಿಂದ ಆರಂಭಿಸಿದೆ. ಪ್ರಸಾದದ ರೊಟ್ಟಿಗೆ ಬೇಕಾದುದು ಗೋದಿಹಿಟ್ಟು ಮತ್ತು ನೀರು, ಎರಡೇ. ಹುದುಗು ಬೆರೆಸುವಂತಿಲ್ಲ. ಕನ್ಯಾಸ್ತ್ರೀಯರ ಮಠವೊಂದಕ್ಕೆ ಪುಟ್ಟಿಯನ್ನು ಕರೆದೊಯ್ದು, ಹಿಟ್ಟನ್ನು ತೆಳ್ಳಗೆ ಕಲಸಿ, ಬಿಸಿಯಾದ ಎರಡು ಲೋಹದ ಫಲಕಗಳ ನಡುವೆ ಸುಟ್ಟು, ಕಾಗದದಂಥ ಹಾಳೆಯಿಂದ ಗುಂಡು ಬಿಲ್ಲೆಗಳನ್ನು ಕತ್ತರಿಸುವುದನ್ನು ತೋರಿಸಿದೆ. ಕತ್ತರಿಸಿ ಉಳಿದ ಚೂರುಗಳನ್ನು ಅವರು ಅವಳ ಬೊಗಸೆಗೆ ಸುರಿದರು. ಕುರುಕುರು ತಿನ್ನುತ್ತಾ, “ರೊಟ್ಟಿ” ಎಂದಳು. ಅಲ್ಲಿಂದ ಪಕ್ಕದ ಪ್ರಾರ್ಥನಾಮಂದಿರಕ್ಕೆ ಹೋದೆವು. ಮಂತ್ರಿಸಿದ ಪ್ರಸಾದವನ್ನಿಟ್ಟ ಪುಟ್ಟ ಪೆಟ್ಟಿಗೆಯ ಬಳಿ ಕೆಂಪು ದೀಪ ಉರಿಯುತ್ತಿತ್ತು. ಪುಟ್ಟಿ ಬಾಯಲ್ಲಿದ್ದುದನ್ನು ಅವಸರವಾಗಿ ನುಂಗಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಜೋಡಿಸಿ, “ಯೇಸಪ್ಪ” ಎಂದು ಪಿಸುಗುಟ್ಟಿದಳು. ಪರೀಕ್ಷೆ ನನ್ನ ಪಾಲಿಗೆ ಅಲ್ಲಿಯೇ ಮುಗಿದಿತ್ತು.

ಪ್ರಸಾದಕ್ಕೆ ಮುಂಚೆ ಪಾಪನಿವೇದನೆಯಾಗಬೇಕು. ತಪ್ಪೆಂದರೇನೆಂದು ಇಂಥ ಮಗುವಿಗೆ ಹೇಗೆ ತಿಳಿಸುವುದು? ರಾತ್ರಿ ಮಲಗುವ ಮುನ್ನ ಮನೆಯವರೆಲ್ಲ ಒಟ್ಟಿಗೆ ಕುಳಿತು, ಆ ದಿನ ಯಾರ ಮನಸ್ಸನ್ನು ನೋಯಿಸಿದೆವೆಂದು ಒಬ್ಬೊಬ್ಬರಾಗಿ ಹೇಳುವ ರೂಢಿಯನ್ನು ಸೊಸೆ ತಂದಳು. ಮೊದಮೊದಲು ಮಗನಿಗೆ ಸಂಕೋಚ. ವಾರ ಕಳೆದ ಮೇಲೆ ಅವನೂ ಬಾಯಿಬಿಟ್ಟ. ಪುಟ್ಟಿಯ ಸರದಿ ಬಂದಾಗ ಅವಳು ತನ್ನ ತೋಳನ್ನು ತಾನೇ ಚಿವುಟಿ, ತಮ್ಮನ ಕಡೆ ಬೆರಳು ತೋರಿಸಿ, ಆಮೇಲೆ ಅವನ ತಲೆ ಸವರಿದಳು. ಪಶ್ಚಾತ್ತಾಪದ ಪಾಠವನ್ನು ಇದಕ್ಕಿಂತ ಚೊಕ್ಕಟವಾಗಿ ಯಾವ ಪುಸ್ತಕ ಹೇಳೀತು! ಮುಂದೆ ಗುರುಗಳ ಬಳಿ ಅವಳು ಏನು ನಿವೇದಿಸಿಕೊಂಡಳೋ ಅದು ಅವರಿಬ್ಬರಿಗೂ ದೇವರಿಗೂ ಬಿಟ್ಟ ವಿಚಾರ. ಹೊರಬಂದಾಗ ಮಾತ್ರ ಕುಣಿಯುತ್ತಾ ಬಂದಳು.

ಇನ್ನು ಉಪವಾಸದ ಮಾತು. ನನ್ನ ತಾಯಿಯ ಕಾಲದಲ್ಲಿ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಒಂದು ಗುಟುಕು ನೀರನ್ನೂ ಮುಟ್ಟುವಂತಿರಲಿಲ್ಲ. ನೀರಿಗೆ ವಿನಾಯಿತಿ ದೊರೆತದ್ದು 1953ರಲ್ಲಿ. 1957ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಉಪವಾಸವನ್ನು 3 ಗಂಟೆಗೆ ಇಳಿಸಿದರು. 1961ರಲ್ಲಿ ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಎಂಟು ವರ್ಷದವಳಾಗಿ ನಾನು ಪ್ರಥಮ ಪ್ರಸಾದ ಸ್ವೀಕರಿಸಿದ್ದು ಆ ನಿಯಮದಂತೆ. ಪೂಜೆ ಲತೀನ್ ಭಾಷೆಯಲ್ಲಿ. ಒಂದು ಮಾತೂ ತಿಳಿಯದು. ಮೊಣಕಾಲೂರಿ, ಕಣ್ಣು ಮುಚ್ಚಿ, ನಾಲಿಗೆ ಚಾಚಬೇಕು. ಹಲ್ಲಿಗೆ ತಾಗಿಸಕೂಡದೆಂದು ಕಟ್ಟಪ್ಪಣೆ. ಅಂಗುಳಿಗೆ ಅಂಟಿಕೊಂಡ ಪ್ರಸಾದವನ್ನು ಏನು ಮಾಡಬೇಕೆಂದು ತಿಳಿಯದೆ ಬೆವರಿದ್ದು ಇನ್ನೂ ನೆನಪಿದೆ. 1964ರಲ್ಲಿ ಆರನೆಯ ಪಾಲರು ಉಪವಾಸವನ್ನು 1 ಗಂಟೆಗೆ ತಂದರು. ಅದೇ ಈಗಿನ ನಿಯಮ. ಲತೀನಿನ ಒಂದು ಪದವೂ ಅರ್ಥವಾಗದೆ ಪ್ರಸಾದ ಸ್ವೀಕರಿಸಿದ ಎಂಟು ವರ್ಷದ ಹುಡುಗಿಯನ್ನು ನೆನೆದಾಗ, ಪುಟ್ಟಿಗೆ ಏನೂ ತಿಳಿಯದೆಂದು ಯಾರಾದರೂ ಹೇಳಿದರೆ ನನಗೆ ನಗೆ ಬರುತ್ತದೆ.

ದಿನ ಗೊತ್ತಾದೊಡನೆ ಬಂಧುಗಳ ಸಲಹೆಗಳು ಹರಿದುಬಂದುವು. ಕಲ್ಯಾಣಮಂಟಪ ಹಿಡಿಯಿರಿ, ಮೂರಂತಸ್ತಿನ ಕೇಕು ಮಾಡಿಸಿರಿ, ವಧುವಿನಂತೆ ನೆಲ ಗುಡಿಸುವ ಗೌನು ಹೊಲಿಸಿರಿ! ಬೆಂಗಳೂರಿನಲ್ಲಿ ಈಚೆಗೆ ಎಷ್ಟೋ ಮನೆಗಳಲ್ಲಿ ಇದು ಅರ್ಧ ಮದುವೆಯೇ ಆಗಿದೆ. ಮಕ್ಕಳ ಸಂತೋಷಕ್ಕೆ ಖರ್ಚು ಮಾಡುವವರನ್ನು ನಾನು ಆಕ್ಷೇಪಿಸೆನು. ಆದರೆ ಆ ಗದ್ದಲದಲ್ಲಿ ಮಗು ಗಾಬರಿಯಾಗಿಬಿಟ್ಟರೆ? ಸೊಸೆ ತನ್ನ ಮದುವೆಯ ಬಿಳಿ ಸೀರೆಯ ಸೆರಗಿನಿಂದಲೇ ಒಂದು ಸರಳ ಫ್ರಾಕ್ ಹೊಲಿದಳು. ನೆರೆಮನೆಯಾಕೆ ಕೇಸರಿಬಾತಿನ ಹೊಣೆ ಹೊತ್ತರು.

ಆ ಭಾನುವಾರ ಹದಿನಾಲ್ಕು ಮಕ್ಕಳು. ಪುಟ್ಟಿ ಎಲ್ಲರಿಗಿಂತ ಕೊನೆಯಲ್ಲಿ, ಎಲ್ಲರಿಗಿಂತ ದೊಡ್ಡವಳು. ಗುರುಗಳು ಪ್ರಸಾದವನ್ನು ಎತ್ತಿಹಿಡಿದು ಇದು ಕ್ರಿಸ್ತನ ದೇಹವೆಂದಾಗ ‘ಆಮೆನ್’ ಎಂದು ಉತ್ತರಿಸಬೇಕು. ಮನೆಯಲ್ಲಿ ನೂರು ಸಲ ಹೇಳಿಸಿದ್ದೆವು. ಅಂದು ಅವಳ ಬಾಯಿ ಕಟ್ಟಿಹೋಯಿತು. ಗುರುಗಳು ಕಾದರು. ಹಿಂದಿನ ಬೆಂಚುಗಳಲ್ಲಿ ಯಾರೋ ಕೆಮ್ಮಿದರು. ಮಗ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಪುಟ್ಟಿ ಆ ಬಿಳಿಯ ಬಿಲ್ಲೆಯನ್ನೇ ನೋಡಿದಳು. ಬಳಿಕ, ಪ್ರೀತಿಯ ಯಾರಾದರೂ ಅವಳ ಹೆಸರು ಹಿಡಿದು ಕರೆದಾಗ ಓಗೊಡುವಂತೆ, ತಲೆಯಾಡಿಸಿ ಗಟ್ಟಿಯಾಗಿ “ಹೂಂ” ಎಂದಳು.

ಆಮೆನ್ ಎಂಬುದು ಹೀಬ್ರೂ ಮಾತು. ನಿಜ, ಹಾಗೆಯೇ ಆಗಲಿ ಎಂದು ಅದರ ಅರ್ಥ. ಅದಕ್ಕೆ ಕನ್ನಡದಲ್ಲಿ ‘ಹೂಂ’ ಎಂಬುದಕ್ಕಿಂತ ಒಳ್ಳೆಯ ಮಾತು ಯಾವುದಿದೆಯೋ ನಾನರಿಯೆ. ಗುರುಗಳೂ ಹಾಗೆಯೇ ಭಾವಿಸಿದರೆಂದು ತೋರುತ್ತದೆ. ಮತ್ತೊಮ್ಮೆ ಹೇಳಿಸದೆ ಪ್ರಸಾದವನ್ನು ಅವಳ ನಾಲಿಗೆಯ ಮೇಲಿಟ್ಟರು.

ಅಂದಿನಿಂದ ಭಾನುವಾರದ ಸಾಲಿನಲ್ಲಿ ಪುಟ್ಟಿ ತಾಯಿಯ ಸೆರಗು ಹಿಡಿಯುವುದಿಲ್ಲ. ಮುಂದೆ ತಾನೇ ನಡೆಯುತ್ತಾಳೆ. ‘ಆಮೆನ್’ ಈಗಲೂ ಬರುವುದು ಒಮ್ಮೆ, ಬಾರದಿರುವುದು ಹತ್ತು ಸಲ. ಮನೆಯಲ್ಲಿ ರಾತ್ರಿಯ ಆ ರೂಢಿ ಮಾತ್ರ ನಿಂತಿಲ್ಲ. ಯಾರಾದರೂ ಮರೆತು ಮಲಗಲು ಹೊರಟರೆ ಪುಟ್ಟಿ ಬಾಗಿಲಿಗೆ ಅಡ್ಡ ನಿಂತು, ತಂದೆಯನ್ನೂ ಬಿಡದೆ, ತೋಳು ಚಿವುಟಿ ತೋರಿಸುತ್ತಾಳೆ.