ಪಡಿತರಕ್ಕೆಂದು ಕೊಟ್ಟ ಹೆಬ್ಬೆಟ್ಟು

'ಹೆಬ್ಬೆಟ್ಟು' ಎನ್ನುವುದು ನಮ್ಮ ಕಡೆ ಒಂದು ಬೈಗುಳವೇ ಆಗಿತ್ತು. ಅಕ್ಷರ ಬಾರದವರು ಎಂದರ್ಥ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಅದೆಷ್ಟೋ ಹೆಂಗಸರು ಮನೆಗೆಲಸ ಮುಗಿಸಿ ರಾತ್ರಿ ಸ್ಲೇಟು ಹಿಡಿದು ಸಹಿ ಕಲಿತರು. ಇನ್ನು ಹೆಬ್ಬೆಟ್ಟು ಒತ್ತುವ ಪ್ರಮೇಯವಿಲ್ಲವೆಂದು ಹಿಗ್ಗಿದರು. ಈಗ ನೋಡಿ, ನ್ಯಾಯಬೆಲೆ ಅಂಗಡಿಯಲ್ಲೂ ಸಿಮ್ ಮಾರುವವರ ಮುಂದೂ ಓದಿದವರು, ಓದದವರು ಎಲ್ಲರೂ ಹೆಬ್ಬೆಟ್ಟಿನವರೇ. ಸಮಾನತೆ ಬಂದದ್ದು ಹೀಗೆ!

ಆಧಾರ್ ಬಂದಾಗ ಹೇಳಿದ್ದೇನು? 2009ರಲ್ಲಿ ಪ್ರಾಧಿಕಾರ ಹುಟ್ಟಿತು. 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೇಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ನಂಬರು ಕೊಟ್ಟರು. ಕಾಗದಪತ್ರವಿಲ್ಲದ ಬಡವರಿಗೊಂದು ಗುರುತು, ಪಡಿತರದ ಸೋರಿಕೆಗೊಂದು ತಡೆ, ಇಷ್ಟವಿದ್ದವರು ಮಾತ್ರ ಮಾಡಿಸಿಕೊಳ್ಳಿ ಎಂದರು. ಒಳ್ಳೆಯದೇ ಅಲ್ಲವೇ? ಅದಕ್ಕೊಂದು ಕಾನೂನು ಬಂದದ್ದು ಮಾತ್ರ 2016ರಲ್ಲಿ. ಅಷ್ಟರೊಳಗೆ ದೇಶದ ಬಹುಪಾಲು ಜನರ ಬೆರಳು, ಕಣ್ಣುಪಾಪೆ ಎಲ್ಲವೂ ದಾಖಲಾಗಿಬಿಟ್ಟಿದ್ದವು.

ನನ್ನನ್ನು ಬಹಳ ಕಾಡಿದ್ದು ಗೋವಾದ ಒಂದು ಪ್ರಕರಣ. 2013ರ ಜನವರಿಯಲ್ಲಿ ವಾಸ್ಕೋದ ಶಾಲೆಯೊಂದರಲ್ಲಿ ಏಳು ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಸಿಬಿಐಗೆ ಸ್ಥಳದಲ್ಲಿ ಬೆರಳಚ್ಚು ಸಿಕ್ಕಿತ್ತು, ಯಾರದೆಂದು ತಿಳಿದಿರಲಿಲ್ಲ. ಗೋವಾದಲ್ಲಿ ಆಧಾರ್ ಮಾಡಿಸಿದವರೆಲ್ಲರ ಬೆರಳಚ್ಚು ಕೊಡಿ, ಹೋಲಿಸಿ ನೋಡುತ್ತೇವೆ ಎಂದರು. ಕೆಳಗಿನ ಕೋರ್ಟು ಒಪ್ಪಿತು. ಹೆಣ್ಣುಮಕ್ಕಳಿಗೆ ಪಾಠ ಹೇಳುವವಳು, ಇದನ್ನು ಓದಿ 'ಕೊಟ್ಟುಬಿಡಿ, ಆ ಪಾಪಿ ಸಿಕ್ಕಲಿ' ಎನ್ನದೆ ಇರುವುದು ಹೇಗೆ? ಆದರೆ ಬೇಡವೆಂದು ಸುಪ್ರೀಂ ಕೋರ್ಟಿಗೆ ಹೋದದ್ದು ಯಾರು ಗೊತ್ತೇ? ಆಧಾರ್ ಪ್ರಾಧಿಕಾರವೇ! ಇದು ಅಪರಾಧ ಪತ್ತೆಗೆಂದು ಕಲೆಹಾಕಿದ ಮಾಹಿತಿಯಲ್ಲ, ಹೀಗೆ ಹೋಲಿಸಿದರೆ ಏನೂ ಅರಿಯದವರ ಮೇಲೂ ಅನುಮಾನ ಬೀಳುತ್ತದೆ ಎಂದು ಅದು ವಾದಿಸಿತು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದೆಂದಿತು.

ಆ ಮಗುವಿನ ತಾಯಿಗೆ ಈ ತರ್ಕ ಹೇಳುವ ಧೈರ್ಯ ನನಗಿಲ್ಲ. ಆದರೂ ಅಕ್ಕಿ, ಸೀಮೆಎಣ್ಣೆಗೆಂದು ಬೆರಳು ಕೊಟ್ಟ ಗೋವಾದ ಅಜ್ಜಿಯೊಬ್ಬಳು ತನಗೆ ತಿಳಿಯದೆಯೇ ಪೊಲೀಸರ ಪಟ್ಟಿ ಸೇರುವುದು ಸರಿಯೆಂದು ಒಪ್ಪಲು ಮನಸ್ಸು ಬರುವುದಿಲ್ಲ. ಗಿಡಕ್ಕೆ ನೀರು ಹಾಕಲೆಂದು ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟರೆ, ಅವರು ನಮ್ಮ ಬೀರು ತೆರೆಯುವುದು ಎಷ್ಟೇ ಒಳ್ಳೆಯ ಉದ್ದೇಶಕ್ಕಾದರೂ ಕೇಳಿ ತೆರೆಯಬೇಕಲ್ಲವೇ?

ಆಮೇಲಿನದು ನಿಮಗೂ ಗೊತ್ತು. 2017 ಒಂದೇ ವರ್ಷದಲ್ಲಿ ಪ್ಯಾನ್ ಕಾರ್ಡು, ಬ್ಯಾಂಕು, ಮೊಬೈಲು ಎಲ್ಲಕ್ಕೂ ಜೋಡಿಸಿ ಎಂದರು. ಮಕ್ಕಳ ಬಿಸಿಯೂಟಕ್ಕೂ, ಅಡುಗೆಯವರಿಗೂ ಬೇಕೆಂಬ ಅಧಿಸೂಚನೆ ಬಂತು. ಗಲಾಟೆಯಾದ ಮೇಲೆ, ಇಲ್ಲವೆಂದು ಯಾರಿಗೂ ಊಟ ತಪ್ಪಿಸುವುದಿಲ್ಲ ಎಂದರು. ತಟ್ಟೆ ಹಿಡಿದು ನಿಂತ ಮಗುವಿನ ಹತ್ತಿರ ನಂಬರು ಕೇಳುವುದೆಂದರೇನು!

ಇದನ್ನೆಲ್ಲ ಮೊದಲೇ ಪ್ರಶ್ನಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಅರ್ಜಿಯಿಂದಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. 2024ರಲ್ಲಿ ಅವರು ತೀರಿಕೊಂಡರು.

2018ರ ಸೆಪ್ಟೆಂಬರಿನ ತೀರ್ಪು ಆಧಾರನ್ನು ಉಳಿಸಿಕೊಂಡಿತು, ಬ್ಯಾಂಕು ಮೊಬೈಲುಗಳಿಗೆ ಕಡ್ಡಾಯವಲ್ಲವೆಂದಿತು, ಶಾಲೆಗೆ ಸೇರಲು ಬೇಕಿಲ್ಲವೆಂದಿತು. ರಾಷ್ಟ್ರದ ಭದ್ರತೆಯ ಹೆಸರಿನಲ್ಲಿ ಮಾಹಿತಿ ಬಿಟ್ಟುಕೊಡಲು ಒಬ್ಬ ಜಂಟಿ ಕಾರ್ಯದರ್ಶಿಯ ಅಪ್ಪಣೆ ಸಾಲದು, ಇನ್ನೂ ಮೇಲಿನ ಅಧಿಕಾರಿ ಬೇಕು, ಅವರೊಂದಿಗೆ ನ್ಯಾಯಾಧೀಶರೊಬ್ಬರೂ ಇರಬೇಕು ಎಂದಿತು. 2019ರ ತಿದ್ದುಪಡಿಯಲ್ಲಿ ಜಂಟಿ ಕಾರ್ಯದರ್ಶಿಯ ಜಾಗಕ್ಕೆ ಕಾರ್ಯದರ್ಶಿ ಬಂದರು. ನ್ಯಾಯಾಧೀಶರು ಬರಲಿಲ್ಲ. 2025ರ ಜನವರಿಯ ನಿಯಮಗಳಲ್ಲಂತೂ ಖಾಸಗಿ ಸಂಸ್ಥೆಗಳೂ ಅನುಮತಿ ಪಡೆದು ಆಧಾರ್ ಪರಿಶೀಲನೆ ನಡೆಸಲು ಮತ್ತೆ ದಾರಿಯಾಯಿತು.

2019ರ ಅದೇ ತಿದ್ದುಪಡಿಯಲ್ಲಿ ನನಗೆ ಇಷ್ಟವಾದದ್ದೊಂದಿದೆ. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಮಾಡಿಸಿದ ಆಧಾರನ್ನು, ಹದಿನೆಂಟು ತುಂಬಿದ ಆರು ತಿಂಗಳೊಳಗೆ ಮಕ್ಕಳು ಬೇಡವೆಂದು ರದ್ದು ಮಾಡಿಸಿಕೊಳ್ಳಬಹುದು. ಹತ್ತನೇ ತರಗತಿಯಲ್ಲಿ ಪೌರನೀತಿ ಪಾಠದ ನಡುವೆ ಇದನ್ನು ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಿಸ್, ರದ್ದು ಮಾಡಿಸಿದ್ರೆ ಸ್ಕಾಲರ್‌ಶಿಪ್ ಬರತ್ತಾ?"

ಸ್ಕಾಲರ್‌ಶಿಪ್ ಹಣ ಬರುವುದು ಆ ನಂಬರಿಗೆ ಜೋಡಿಸಿದ ಖಾತೆಗೆ. ಅದನ್ನೇ ಹೇಳಿದೆ. "ಹಾಗಾದ್ರೆ ಬೇಡ ಮಿಸ್" ಎಂದು ಕುಳಿತುಕೊಂಡಳು.