ಡಬ್ಬಿ ಅಂದ್ರ ಯಾವ ಡಬ್ಬಿ?



ಗೋವಿನಜೋಳಕ್ಕ ಗೊಬ್ಬರಾನ ನೀರಿನಾಗ ಕರಗಿಸಿ ಕೊಡೋದು ಹೆಂಗ ಅಂತ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಗೆಳೆಯರು ಭಾಳ ದಿನದಿಂದ ಕೇಳ್ತಿದ್ರು. ಬರೀಲಾಕ ಮನಸ್ಸು ಬರ್ತಿರಲಿಲ್ಲ. ಯಾಕಂದ್ರ ಈ ವಿಷಯದಾಗ ನಾನು ಒಂದು ತಪ್ಪು ಮಾಡೀನಿ. ಅದರ ಪೆಟ್ಟು ಬಿದ್ದದ್ದು ನನಗಲ್ಲ, ನನ್ನ ತಮ್ಮನ ಹೆಂಡತಿಗೆ. ಅದನ್ನ ಮುಚ್ಚಿಟ್ಟು ಬರೀ ಲೆಕ್ಕ ಬರೆದರ ಅರ್ಧ ಸುಳ್ಳು ಹೇಳಿದಂಗ. ಅದಕ್ಕ ಮೊದಲು ತಪ್ಪು ಬರೀತೀನಿ, ಆಮ್ಯಾಲ ಲೆಕ್ಕ.

2025ರ ಮುಂಗಾರು. ಯೂರಿಯಾಕ್ಕ ರಾಜ್ಯದ ತುಂಬ ಪಾಳಿ ಹಚ್ಚಿ ನಿಂತದ್ದು ಎಲ್ಲರಿಗೂ ನೆನಪಿರಬೇಕು. ನಮ್ಮದು ಬಾಗೇವಾಡಿ ತಾಲೂಕು, ಎರಿ ಹೊಲ. ನನ್ನ ಎರಡು ಎಕರೆದಾಗ ಹಿಂದಿನ ಕಬ್ಬಿನ ಡ್ರಿಪ್ ಹಂಗೇ ಇತ್ತು, ಅದೇ ಪೈಪಿನ ಆಚೆ-ಈಚೆ ಗೊಂಜಾಳ ಊರಿದ್ದೆ. ಬದುವಿನ ಆಕಡೆ ಒಂದೂವರೆ ಎಕರೆ ತಮ್ಮಂದು. ಅವ ತೀರಿಕೊಂಡು ಮೂರು ವರ್ಷ. ಅವನ ಹೆಂಡತಿನೇ ಮಾಡತಾಳ, ಮಳಿ ಮ್ಯಾಲಿನ ಹೊಲ. ಒಬ್ಬ ಮಗ ಪಿಯುಸಿ ಓದತಾನ.

ಎರಡು ದಿನ ಬೆಳಗಿನ ಜಾವ ಪಾಳಿಗೆ ನಿಂತು ಎರಡು ಚೀಲ ತಂದೆ, ನನಗೊಂದು, ಆಕಿಗೊಂದು. ಬೆಳಿ ಮೊಣಕಾಲುದ್ದ ಆಗಿತ್ತು. ಮಳಿ ಹೋಗಿ ಹನ್ನೆರಡು ದಿನ, ಮಣ್ಣಾಗ ಹಸಿ ಇಲ್ಲ. ಒಣಾ ಮಣ್ಣಿನ ಮ್ಯಾಲ ಯೂರಿಯಾ ಚೆಲ್ಲಿದ್ರ ದಂಡ ಅಂತ ನನಗ ಗೊತ್ತಿತ್ತು. "ಮಳಿ ಬರೋ ತನಕ ಒಂದು ಸಲ ಎಲಿ ಮ್ಯಾಲ ಹೊಡೀಲಿ, ಹದಿನಾರು ಲೀಟರಿನ ಪಂಪಿಗೆ ಒಂದು ಡಬ್ಬಿ ಯೂರಿಯಾ ಕರಗಿಸಿ ಅಂತ ಹೇಳು" ಅಂತ ನಮ್ಮ ಮನಿಯಾಕಿ ಕಡೆ ಹೇಳಿ ಕಳಿಸಿದೆ.

ಒಂದು ಡಬ್ಬಿ. ನನ್ನ ತಲಿಯಾಗಿದ್ದದ್ದು ನಮ್ಮ ಪಂಪ್ ಮನಿಯಾಗಿನ ಸಣ್ಣ ಡಬ್ಬಿ. ಹತ್ತು ವರ್ಷದಿಂದ ಅದರಾಗೇ ಅಳೀತೀನಿ, ತಲಿಮಟ್ಟ ತುಂಬಿದ್ರ 300 ಗ್ರಾಂ. ಆಕಿ ಮನಿಯಾಗಿದ್ದದ್ದು ಡಾಲ್ಡಾದ ಹಳೇ ಡಬ್ಬಿ. ಪಂಪಿನ ಹುಡುಗನಿಗೆ ಸಂಜಿಗೆ ಬ್ಯಾರೆ ಹೊಲ ಇತ್ತು, ಅವ ನಡುಮಧ್ಯಾಹ್ನ ಬಿಸಿಲಾಗ ಹೊಡೆದು ಹೋದ.

ಮೂರನೇ ದಿನ ಹೋಗಿ ನೋಡಿದ್ರ ಎಲಿ ತುದಿ, ಅಂಚು ಎಲ್ಲಾ ಬೆಳ್ಳಗ ಒಣಗಿ, ಸುಟ್ಟ ಹಪ್ಪಳ ಆದಂಗ ಆಗಿತ್ತು. ಡಬ್ಬಿ ತರಿಸಿ ತುಂಬಿ ತೂಗಿದೆ. 850 ಗ್ರಾಂ. ಹದಿನಾರು ಲೀಟರಿಗೆ ಲೆಕ್ಕ ಹಾಕಿದ್ರ ಶೇ 5ರ ಮ್ಯಾಲ. ಎಲಿ ತಡಕೊಳ್ಳೋದು ಶೇ 2.

ಆಕಿ ನನಗ ಒಂದು ಮಾತೂ ಅನ್ನಲಿಲ್ಲ. ಮನಿಯಾಕಿ ಮುಂದ ಇಷ್ಟೇ ಹೇಳಿದ್ಲಂತ: "ಅಕ್ಕಾ, ಭಾವಾರು ಡಬ್ಬಿ ಅಂದಿದ್ರು. ನಾ ಡಬ್ಬೀನ ಹಾಕ್ಸೀನಿ."

ಬೈದಿದ್ರ ಹಗುರ ಆಗತಿತ್ತು.

ಸುಳಿ ಉಳಿದಿತ್ತು, ಅದೊಂದು ಪುಣ್ಯ. ವಾರದಾಗ ಮಳಿ ಬಂತು, ಉಳಿದ ಯೂರಿಯಾ ಸಾಲಿಗೆ ಹಾಕಿ ಎಡಿ ಹೊಡಿಸಿದೆ, ಹೊಸ ಎಲಿ ಹಸರಾಗಿ ಬಂದವು. ಆದ್ರ ಹೋದದ್ದು ಹೋತು. ಪಕ್ಕದ ಮಳಿ ಹೊಲದಾಗ ಎಕರೆಕ ಹದಿನೇಳು ಕ್ವಿಂಟಲ್ ಆದ್ರ ಆಕಿದು ಹದಿನಾಲ್ಕು. ಆ ವರ್ಷ ಬೆಂಬಲ ಬೆಲೆ 2,400 ಅಂತ ಇದ್ರೂ ಪ್ಯಾಟ್ಯಾಗ ರೇಟು ಅದಕ್ಕಿಂತ ಭಾಳ ಕೆಳಗ ಬಿದ್ದಿತ್ತು. ಬೆಲೆ ಬಿದ್ದ ವರ್ಷ ಒಂದೂವರೆ ಎಕರೆದಾಗ ನಾಲ್ಕೂವರೆ ಕ್ವಿಂಟಲ್ ಕಡಿಮಿ ಅಂದ್ರ ಒಂದು ಹುಡುಗನ ಓದಿನ ಖರ್ಚು.

ಈಗ ಲೆಕ್ಕಕ್ಕ ಬರೂಣ.

ನೀರಾವರಿ ಗೋವಿನಜೋಳಕ್ಕ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 150 ಕೆಜಿ ಸಾರಜನಕ. ಎಕರೆಕ 60 ಕೆಜಿ ಅಂತ ಹಿಡೀರಿ. ಯೂರಿಯಾದಾಗ ಸಾರಜನಕ ಶೇ 46, ಅಂದ್ರ 45 ಕೆಜಿ ಚೀಲದಾಗ ಹತ್ತಿರ ಹತ್ತಿರ 21 ಕೆಜಿ. ಬಿತ್ತುವಾಗ ಒಂದು ಚೀಲ ಡಿಎಪಿ ಹಾಕಿದ್ರ 9 ಕೆಜಿ ಅದರಾಗೇ ಬರತೈತಿ. ಉಳಿದದ್ದಕ್ಕ ಎಕರೆಕ ಎರಡೂವರೆ ಚೀಲ ಯೂರಿಯಾ ಬೇಕು.

ಎಲಿ ಮ್ಯಾಲ ಶೇ 2ರ ದ್ರಾವಣ ಹೊಡೆದ್ರ ಎಷ್ಟು ಸಿಗತೈತಿ? ಎಕರೆಕ ಹನ್ನೆರಡು ಪಂಪ್, ಪಂಪಿಗೆ 320 ಗ್ರಾಂ, ಒಟ್ಟು 4 ಕೆಜಿಗಿಂತ ಕಡಿಮಿ ಯೂರಿಯಾ. ಅದರಾಗ ಸಾರಜನಕ ಎರಡು ಕೆಜಿನೂ ಇಲ್ಲ. ಬೇಕಾದದ್ದು 60. ಅದಕ್ಕ ನಾ ಹೇಳೋದು, ಸ್ಪ್ರೇ ಅಂದ್ರ ಚಹಾ, ಊಟ ಅಲ್ಲ. ಬರದಾಗ, ಬೇರು ಎಳಕೊಳ್ಳಲಾರದಾಗ ನಾಕು ದಿನ ಜೀವ ಹಿಡೀತೈತಿ, ಅಷ್ಟೇ.

ಇನ್ನ ಚೀಲದ ಜೋಡಿ ಅಂಗಡಿಯವರು ಕಟ್ಟುವ ನ್ಯಾನೋ ಬಾಟಲಿ. 2021ರಾಗ ಬಂದದ್ದು ಶೇ 4ರದ್ದು, ಅರ್ಧ ಲೀಟರಿನಾಗ 20 ಗ್ರಾಂ ಸಾರಜನಕ. ಆಮ್ಯಾಲ ಶೇ 20ರದ್ದೂ ಬಂತು, ಅದರಾಗ 100 ಗ್ರಾಂ. ಚೀಲದಾಗಿರೋದು 20 ಕೆಜಿ ಮ್ಯಾಲ. ಕಣ ಸಣ್ಣದು, ಸೀದಾ ಎಲಿಯೊಳಗ ಹೋಗತೈತಿ, ಅದಕ್ಕ ಕಡಿಮಿ ಸಾಕು ಅಂತ ಮಾಡಿದವರು ಹೇಳತಾರ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಭತ್ತ, ಗೋಧಿ ಮ್ಯಾಲ ಪ್ರಯೋಗ ಮಾಡಿ ಇಳುವರಿ ಕಡಿಮಿ ಆತು ಅಂದಾರ. ನಾನು ಬಾಟಲಿ ಹೊಡೀಬ್ಯಾಡ್ರಿ ಅನ್ನೂದಿಲ್ಲ. ಅದನ್ನ ನಂಬಿ ಬುಡದ ಗೊಬ್ಬರ ಬಿಡಬ್ಯಾಡ್ರಿ ಅಂತೀನಿ.

ನಮ್ಮ ಎರಿ ಮಣ್ಣು ಸವಳಿನ ಕಡೆ ವಾಲಿದ್ದು. ಇಂಥಾ ಮಣ್ಣಿನ ಮ್ಯಾಲ ಯೂರಿಯಾ ಚೆಲ್ಲಿ ಬಿಟ್ಟರ ಅಮೋನಿಯಾ ಆಗಿ ಗಾಳಿಗೆ ಹಾರತೈತಿ. ಒಂದು ಎಡಿ ಹೊಡೆದು ಮಣ್ಣಾಗ ಮುಚ್ಚಬೇಕು, ಇಲ್ಲಾ ನೀರಿನ ಜೋಡಿ ಬೇರಿಗೆ ಇಳಿಸಬೇಕು. ಡ್ರಿಪ್ಪಿನ ಲಾಭ ಇದೇ. ಸಿಕ್ಕ ಒಂದೇ ಚೀಲಾನ ನಾನು ಐದು ಕಂತು ಮಾಡಿದೆ, ಆರು ದಿನಕ್ಕೊಮ್ಮೆ 9 ಕೆಜಿ. ಗೋವಿನಜೋಳ ಸಾರಜನಕ ಹೆಚ್ಚು ಎಳಕೊಳ್ಳೋದು ಮೊಣಕಾಲುದ್ದ ಆದಾಗಿನಿಂದ ತುರಾಯಿ ಒಡೆಯೋ ತನಕ. ಆ ಟೈಮಿಗೆ ಸರಿಯಾಗಿ ಸಿಕ್ಕಿತು. ಎರಡನೇ ಚೀಲ ಸಿಗೋದಕ್ಕ ತಿಂಗಳು ಹಿಡೀತು, ಆದ್ರೂ ಬೆಳಿ ಹಳದಿ ಆಗಲಿಲ್ಲ.

ಮಾಡೋ ರೀತಿ ಹಿಂಗ. ರಾತ್ರಿನೇ ಬ್ಯಾರಲ್ಲಿನಾಗ ಯೂರಿಯಾ ನೆನೆ ಹಾಕ್ರಿ. ಕರಗುವಾಗ ನೀರು ಮಂಜಿನಂಗ ತಣ್ಣಗ ಆಗತೈತಿ, ಅದಕ್ಕ ನಿಧಾನ ಕರಗತೈತಿ, ಗಡಿಬಿಡಿ ಮಾಡಬ್ಯಾಡ್ರಿ. ಬೆಳಿಗ್ಗೆ ಬಟ್ಟಿಲೆ ಸೋಸ್ರಿ. ನೀರು ಬಿಡೋ ಟೈಮ್ ಮೂರು ಪಾಲು ಮಾಡ್ರಿ. ಮೊದಲ ಪಾಲು ಬರೀ ನೀರು, ನಡುವಿನ ಪಾಲಿನಾಗ ವೆಂಚುರಿಲೆ ಗೊಬ್ಬರ, ಕಡೀ ಪಾಲು ಮತ್ತ ಬರೀ ನೀರು, ಪೈಪ್ ತೊಳೀಲಾಕ. ಮೊದಲಿಗೇ ಗೊಬ್ಬರ ಬಿಟ್ಟು ಆಮ್ಯಾಲ ತಾಸುಗಟ್ಟಲೆ ನೀರು ಬಿಟ್ಟರ ಅದು ಬೇರು ದಾಟಿ ಕೆಳಗ ಇಳೀತೈತಿ.

ನಮ್ಮ ಬೋರಿನ ನೀರು ಗಡಸು, ಸುಣ್ಣ ಹೆಚ್ಚು. ರಂಜಕದ ಕರಗೋ ಗೊಬ್ಬರ ಇದರಾಗ ಹಾಕಿದ್ರ ಕೆಲವು ಸಲ ಹಾಲು ಒಡೆದಂಗ ಆಗಿ ಡ್ರಿಪ್ಪಿನ ತೂತು ಕಟ್ಟತಾವ. ಕ್ಯಾಲ್ಸಿಯಂ ನೈಟ್ರೇಟಿನ ಜೋಡಿಯಂತೂ ಕೂಡಿಸಲೇಬ್ಯಾಡ್ರಿ. ಮೊದಲು ಒಂದು ಗ್ಲಾಸಿನಾಗ ಕಲಸಿ ಅರ್ಧ ತಾಸು ಇಟ್ಟು ನೋಡ್ರಿ. ತಿಳಿ ಉಳಿದ್ರ ಬಿಡ್ರಿ, ಗಡ್ಡಿ ಕಟ್ಟಿದ್ರ ಬ್ಯಾಡ.

ಹಳದಿ ಕಂಡ ಕೂಡಲೇ ಯೂರಿಯಾ ಅಂತ ಓಡಬ್ಯಾಡ್ರಿ. ಕೆಳಗಿನ ಹಳೇ ಎಲಿ ತುದಿಯಿಂದ ನಡುದಂಟು ಹಿಡಿದು ಒಳಗ ಹಳದಿ ಆಗತಿದ್ರ ಸಾರಜನಕ ಕಡಿಮಿ. ಕೆಳಗಿನ ಎಲಿ ಅಂಚು ಮಾತ್ರ ಸುಟ್ಟಂಗಿದ್ರ ಪೊಟ್ಯಾಷ್. ಮ್ಯಾಲಿನ ಎಳೀ ಎಲಿಯಾಗ ಬಿಳಿ ಪಟ್ಟಿ ಕಂಡ್ರ ಜಿಂಕ್, ನಮ್ಮ ಎರಿ ಹೊಲದಾಗ ಇದು ಮಾಮೂಲಿ. ಅದಕ್ಕ ಎಷ್ಟು ಯೂರಿಯಾ ಹಾಕಿದ್ರೂ ಹೋಗೂದಿಲ್ಲ. ಗೊತ್ತಾಗಲಿಲ್ಲಂದ್ರ ಒಂದು ಗಿಡ ಬೇರು ಸಮೇತ ಕಿತ್ತುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗ್ರಿ. ಹಿಟ್ನಳ್ಳಿಯಾಗ ಒಂದೈತಿ, ಇಂಡಿಯಾಗ ಒಂದೈತಿ.

ಎಲಿ ಮ್ಯಾಲ ಹೊಡೀಬೇಕಾದ್ರ ಬೆಳಿಗ್ಗೆ ಲಗೂನ, ಇಲ್ಲಾ ಸಂಜಿಗೆ. ಮಧ್ಯಾಹ್ನ ಬ್ಯಾಡ. ಸೈನಿಕ ಹುಳದ ಔಷಧ ಕೈಯಾಗೈತಿ ಅಂತ ಅದರ ಜೋಡಿ ಕೂಡಿಸಬ್ಯಾಡ್ರಿ.

ಸುಗ್ಗಿ ಆದ ಮ್ಯಾಲ ತಮ್ಮನ ಹೆಂಡತಿಗೆ ನಾಲ್ಕೂವರೆ ಕ್ವಿಂಟಲಿನ ರೊಕ್ಕ ಕೊಡಲಾಕ ಹೋದೆ. ತಗೊಳ್ಳಲಿಲ್ಲ. ಎರಡು ಸಲ ಹೇಳಿದೆ, ಒಳಗ ಹೋಗಿ ಚಹಾ ತಂದಿಟ್ಟಳು. ಕಡೀಕ ಹುಡುಗನ ಕಾಲೇಜಿನ ಫೀ ನಾನೇ ಹೋಗಿ ತುಂಬಿ ಬಂದೆ. ಮರುದಿನ ಪ್ಯಾಟ್ಯಾಗ ಅಡಗಿ ಮನಿಯಾಗಿಡೋ ಸಣ್ಣ ತೂಕದ ಯಂತ್ರ ಎರಡು ತಂದೆ. ಒಂದು ನನ್ನ ಪಂಪ್ ಮನಿಯಾಗೈತಿ. ಇನ್ನೊಂದು ಆಕಿ ಮನಿಯಾಗೈತಿ.

ಈ ವರ್ಷ ಕಡಲಿಗೆ ಔಷಧ ಹೊಡಿಯೋದಿತ್ತು. ಆಕಿನೇ ಬದುವಿನ ತನಕ ಬಂದು ಕೇಳಿದ್ಲು: "ಭಾವಾರ, ಪಂಪಿಗೆ ಎಷ್ಟು ಗ್ರಾಂ?"

ನಾನು ಗ್ರಾಂ ಹೇಳಿದೆ. ಹೇಳೋಕಿಂತ ಮೊದಲು ಪಾಕೀಟಿನ ಮ್ಯಾಲ ಬರೆದದ್ದು ಎರಡು ಸಲ ಓದಿದೆ.

ನೀವೂ ಇವತ್ತ ನಿಮ್ಮ ಡಬ್ಬಿ ತುಂಬಿ ಒಮ್ಮೆ ತೂಗಿ ನೋಡ್ರಿ. ಎಷ್ಟು ಬರತೈತಿ ಅಂತ ಡಬ್ಬಿ ಮ್ಯಾಲೇ ಬಣ್ಣದಿಂದ ಬರೆದಿಡ್ರಿ. ಯಾರಾದ್ರೂ ಕೇಳಿದ್ರ ಡಬ್ಬಿ ಲೆಕ್ಕ ಹೇಳಬ್ಯಾಡ್ರಿ.

ಶರಣು.