ಚಳಿಗಾಲದ ಗುಲಾಬಿ: ರಕ್ಷಣೆ ಮತ್ತು ಸಂಯಮ

ಜೀವವೊಂದನ್ನು ಕಾಪಾಡಬೇಕೆಂಬ ಸದಿಚ್ಛೆ ಮಾತ್ರದಿಂದ ಆ ಜೀವವು ಉಳಿಯುವುದಿಲ್ಲ. ಯಾವುದರಿಂದ ಕಾಪಾಡಬೇಕು, ಎಷ್ಟು ಕಾಪಾಡಬೇಕು, ಎಲ್ಲಿ ಕೈ ತಡೆಯಬೇಕು ಎಂಬ ತಿಳಿವಳಿಕೆಯೂ ಬೇಕು. ದೊಡ್ಡ ಧರ್ಮಪ್ರಶ್ನೆಗಳಲ್ಲಿ ಕಾಣುವ ಈ ಸತ್ಯವು ಹಿತ್ತಲಿನ ಗುಲಾಬಿ ಗಿಡದಲ್ಲಿಯೂ ಕಾಣಸಿಗುತ್ತದೆ.

ಸಿಂದಗಿ ಸೀಮೆಯ ಮೋರಟಗಿ ಎರೆಭೂಮಿಯ ಊರು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಹೊಲದಲ್ಲಿ ನಿಂತಿರುವ ಎಳ್ಳಮವಾಸ್ಯೆಯ ಹೊತ್ತಿಗೆ ಇಲ್ಲಿ ಬೆಳಗಿನ ಚಳಿ ಮೈ ನಡುಗಿಸುತ್ತದೆ. ಕೆಲವು ರಾತ್ರಿ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದುಂಟು. ಕಂಬಳಿ ಹೊದ್ದ ಗೃಹಸ್ಥನಿಗೆ ತನ್ನ ಗುಲಾಬಿಯೂ ನಡುಗುತ್ತಿರಬಹುದೆಂದು ತೋರುವುದು ಸಹಜ. ಶೀತದೇಶದಲ್ಲಿ ನೆಲೆಸಿದ ಮಕ್ಕಳು ಅಲ್ಲಿಯ ಗಿಡಗಳಿಗೆ ಹೊದಿಕೆ ಹಾಕುವ ಸಂಗತಿ ತಿಳಿಸಿದರಂತೂ, ಇಲ್ಲಿಯೂ ಗೋಣಿಚೀಲ ಹೊದಿಸುವ ಮನಸ್ಸಾಗುತ್ತದೆ. ಅಂತಹ ದಯೆಯು ಮೆಚ್ಚತಕ್ಕದ್ದೇ; ಆದರೆ ಪರೀಕ್ಷಿಸತಕ್ಕದ್ದೂ ಹೌದು.

ಶೀತದೇಶಗಳ ಸ್ಥಿತಿ ಬೇರೆ. ಇಂದು ತೋಟಗಳಲ್ಲಿ ಕಾಣುವ ಸದಾ ಹೂಬಿಡುವ ಗುಲಾಬಿಗಳಲ್ಲಿ, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿಗೆ ಬಂದ ಚೀನಾ ಗುಲಾಬಿಗಳ ರಕ್ತವಿದೆ. 1867ರ 'ಲಾ ಫ್ರಾನ್ಸ್' ತಳಿಯಿಂದ ಹೈಬ್ರಿಡ್ ಟೀ ವರ್ಗದ ಆರಂಭವೆಂದು ವಾಡಿಕೆಯಾಗಿ ಎಣಿಸುತ್ತಾರೆ. ವರ್ಷವಿಡೀ ಹೂ ಕೊಡುವ ಗುಣದೊಡನೆ ಈ ಗಿಡಗಳಿಗೆ ಹಿಮವನ್ನು ತಾಳಲಾರದ ಕೋಮಲತೆಯೂ ಬಂದಿತು. ಅಮೆರಿಕೆಯ ಮಿನೆಸೋಟಾದಂತಹ ರಾಜ್ಯದಲ್ಲಿ ಚಳಿಗಾಲದ ರಾತ್ರಿಗಳು ಸೊನ್ನೆಗಿಂತ 20–30 ಡಿಗ್ರಿ ಕೆಳಗಿಳಿಯುತ್ತವೆ. ಅಲ್ಲಿ ಗಿಡದ ಒಂದು ಬದಿಯ ಬೇರನ್ನು ಸಡಿಲಿಸಿ, ಇಡೀ ಗಿಡವನ್ನು ಕಾಲುವೆಯಂತಹ ಗುಂಡಿಯಲ್ಲಿ ಮಲಗಿಸಿ, ಮಣ್ಣು ಮತ್ತು ಒಣಎಲೆ ಮುಚ್ಚಿ, ವಸಂತದಲ್ಲಿ ಮತ್ತೆ ಎತ್ತಿ ನಿಲ್ಲಿಸುವ ಪದ್ಧತಿಯಿದೆ. ಇತರ ಕಡೆ ಕಸಿಗಂಟು ಮುಚ್ಚುವಂತೆ ಬುಡಕ್ಕೆ ಸುಮಾರು ಒಂದು ಅಡಿ ಮಣ್ಣು ಏರಿಸುತ್ತಾರೆ. ಬರಿಯ ಶೀತಕ್ಕಿಂತಲೂ, ನೆಲವು ಹೆಪ್ಪುಗಟ್ಟಿ, ಕರಗಿ, ಪುನಃ ಹೆಪ್ಪುಗಟ್ಟುವ ಏರಿಳಿತವು ಗಿಡಕ್ಕೆ ಹೆಚ್ಚು ಘಾತಕ. ಮಣ್ಣಿನ ಹೊದಿಕೆಯು ಈ ಏರಿಳಿತವನ್ನು ತಡೆಯುತ್ತದೆ.

ಇಷ್ಟು ಹೊದಿಕೆಯ ಮಾತಾಯಿತು. ಆದರೆ ಅಲ್ಲಿಯ ಅನುಭವಿಗಳ ನಿಜವಾದ ರಕ್ಷಣೆಯು ಹೊದಿಕೆಗಿಂತ ಎರಡು ತಿಂಗಳು ಮೊದಲೇ ಆರಂಭವಾಗುತ್ತದೆ. ಬೇಸಿಗೆಯ ಕೊನೆಗೆ ಅವರು ಸಾರಜನಕದ ಗೊಬ್ಬರವನ್ನು ನಿಲ್ಲಿಸುತ್ತಾರೆ. ಕಡೆಯ ಹೂಗಳನ್ನು ಕೊಯ್ಯದೆ ಕಾಯಿಕಟ್ಟಲು ಬಿಡುತ್ತಾರೆ. ಆಗ ಗಿಡವು ಎಳೆಚಿಗುರು ಬಿಡುವುದನ್ನು ನಿಲ್ಲಿಸಿ, ಕಾಂಡವನ್ನು ಗಟ್ಟಿಮಾಡಿಕೊಂಡು ವಿಶ್ರಾಂತಿಗೆ ಸಿದ್ಧವಾಗುತ್ತದೆ. ಇನ್ನೊಂದಿಷ್ಟು ಹೂ ಬರಲೆಂದು ಆಶೆಪಟ್ಟು ಗೊಬ್ಬರ ಹಾಕುತ್ತಲೇ ಇದ್ದವನ ಗಿಡವು ಹೊದಿಕೆಯೊಳಗೂ ಸಾಯಬಹುದು.

ಈಗ ಮೋರಟಗಿಗೆ ಮರಳೋಣ. ಇಲ್ಲಿ ಗುಲಾಬಿಗೆ ಚಳಿಗಾಲವು ಶತ್ರುವಲ್ಲ, ಸುಗ್ಗಿ. ಮಳೆಗಾಲ ಮುಗಿದ ಅಕ್ಟೋಬರಿನಲ್ಲಿ, ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಬಳ್ಳಿಗೆ ಚಾಟ್ನಿ ಮಾಡುವ ಕಾಲದಲ್ಲಿಯೇ, ಗುಲಾಬಿಯ ಒಣಗಿದ ಮತ್ತು ಸೊರಗಿದ ಕೊಂಬೆಗಳನ್ನು ಕತ್ತರಿಸಿದರೆ ಸುಮಾರು ಆರು–ಏಳು ವಾರಗಳಲ್ಲಿ ವರ್ಷದ ಅತ್ಯುತ್ತಮ ಹೂ ಅರಳುತ್ತದೆ. ಇಂತಹ ಗಿಡಕ್ಕೆ ಗೋಣಿ ಹೊದಿಸಿದರೆ ಗಾಳಿ, ಬೆಳಕು ತಪ್ಪಿ ಕೇಡಾಗುವುದು. ತಂಪು ರಾತ್ರಿ, ಬೆಚ್ಚನೆಯ ಒಣಹಗಲು ಕೂಡಿದ ಈ ಋತುವಿನಲ್ಲಿ ಬೂದಿರೋಗವು ಎಳೆ ಎಲೆ, ಮೊಗ್ಗುಗಳ ಮೇಲೆ ಬಿಳಿಹಿಟ್ಟಿನಂತೆ ಹರಡುತ್ತದೆ. ಚಿಗುರಿನ ತುದಿಗೆ ಸಸ್ಯಹೇನು ಮುತ್ತುತ್ತದೆ. ಕಾಪಾಡಬೇಕಾದದ್ದು ಇವುಗಳಿಂದ.

ಇಲ್ಲಿಯೇ ಗೃಹಸ್ಥನ ಧರ್ಮಸಂಕಟ. ಸಸ್ಯಹೇನು ತ್ರಸಜೀವಿ, ಗಿಡವೂ ಏಕೇಂದ್ರಿಯ ಜೀವವೇ. ಅಂಗಡಿಯ ವಿಷವನ್ನು ಸಿಂಪಡಿಸಿದರೆ ಹೇನಿನೊಡನೆ ಅದನ್ನು ತಿಂದು ಬದುಕುವ ಗುಲಗಂಜಿಹುಳುವೂ, ನೆರೆಹೊಲದ ಕುಸುಬೆಯ ಹೂವಿಗೆ ಬಂದ ಜೇನ್ನೊಣವೂ ಸಾಯುತ್ತವೆ. ಆದರೆ ಈ ಸಂಕಟದ ಮೂಲವನ್ನು ಶೋಧಿಸಿದರೆ ಅದು ಬಹುಮಟ್ಟಿಗೆ ಮನುಷ್ಯನ ಕೈಯಲ್ಲಿಯೇ ಸಿಗುತ್ತದೆ. ಹೆಚ್ಚು ಹೂವಿನ ಆಶೆಗೆ ಯೂರಿಯಾ ಸುರಿದಾಗ ಗಿಡವು ಮೆತ್ತನೆಯ ರಸಭರಿತ ಚಿಗುರನ್ನು ತಳೆಯುತ್ತದೆ. ಆ ಚಿಗುರೇ ಹೇನಿಗೂ ಬೂದಿರೋಗಕ್ಕೂ ಆಹ್ವಾನ. ಮೊದಲು ಲೋಭ, ಅದರ ಹಿಂದೆ ರೋಗ, ರೋಗದ ಹಿಂದೆ ವಿಷ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಅತಿಭಾರ ಹೊರಿಸುವುದನ್ನೂ ಅನ್ನಪಾನ ತಡೆಯುವುದನ್ನೂ ಎಣಿಸಿದೆ. ಸಾಮಾನ್ಯವಾಗಿ ಎತ್ತು, ಆಳುಗಳ ವಿಷಯದಲ್ಲಿ ಈ ಮಾತನ್ನು ಹೇಳುವುದುಂಟು. ವಿಚಾರವಂತನು ಅದನ್ನು ಗಿಡಕ್ಕೂ ಅನ್ವಯಿಸಿ ನೋಡಬಹುದು. ಶಕ್ತಿಮೀರಿ ಹೂ ಬಿಡಿಸುವುದು ಅತಿಭಾರವೇ ಸರಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನೂ ಸಸ್ಯ ಕತ್ತರಿಸುವುದನ್ನೂ ಪ್ರಮಾದಚರ್ಯೆಯೆಂದು ಗಣಿಸುತ್ತದೆ. ಆದ್ದರಿಂದ ಚಾಟ್ನಿಯೂ ಗಿಡದ ಹಿತಕ್ಕೆ ಬೇಕಾದಷ್ಟೇ ಇರತಕ್ಕದ್ದು.

ಹಾಗಾದರೆ ಮಾಡಬೇಕಾದದ್ದೇನು? ಬೆಳಗಿನ ಬಿಸಿಲು ಬೀಳುವೆಡೆಯಲ್ಲಿ, ಗಾಳಿಯಾಡುವಷ್ಟು ಅಂತರ ಬಿಟ್ಟು ನೆಡುವುದು. ಎರೆಮಣ್ಣು ನೀರು ಹಿಡಿಯುವುದರಿಂದ ಮಡಿಯನ್ನು ಎತ್ತರಿಸಿ, ಕೊಟ್ಟಿಗೆ ಗೊಬ್ಬರವನ್ನು ಮಿತವಾಗಿ ಕೂಡಿಸುವುದು. ಮುಂಜಾನೆ ಬುಡಕ್ಕೆ ನೀರುಣಿಸುವುದು. ರೋಗ ತಗಲಿದ ತುದಿಯನ್ನು ಆರಂಭದಲ್ಲಿಯೇ ಚಿವುಟುವುದು. ಹೇನು ಕಂಡರೆ ಬರಿಯ ನೀರಿನಿಂದ ಚಿಗುರನ್ನು ತೊಳೆಯುವುದು; ಇದೂ ಹಿಂಸಾರಹಿತವೆನ್ನುವಂತಿಲ್ಲ, ಆದರೆ ವಿಷಕ್ಕಿಂತ ಎಷ್ಟೋ ಅಲ್ಪ. ಬೂದಿರೋಗ ಮಿತಿಮೀರಿದರೆ ಮಾತ್ರ ಲೀಟರ್ ನೀರಿಗೆ 2 ಗ್ರಾಂನಂತೆ ನೀರಿನಲ್ಲಿ ಬೆರೆಯುವ ಗಂಧಕವನ್ನು, ಜೇನ್ನೊಣಗಳು ಗೂಡಿಗೆ ಮರಳಿದ ಸಂಜೆಯಲ್ಲಿ ಸಿಂಪಡಿಸುವುದು. ಹೊದಿಕೆಯನ್ನು ಏಪ್ರಿಲ್–ಮೇ ತಿಂಗಳಿಗೆ ಕಾಯ್ದಿಡತಕ್ಕದ್ದು. ಬಿಸಿಲು 40 ಡಿಗ್ರಿ ಮೀರಿ, ಎರೆನೆಲ ಬಿರುಕು ಬಿಟ್ಟಾಗ ಬುಡಕ್ಕೆ ಒಣಎಲೆಯ ಹಾಸು, ಪಡುವಣ ಬಿಸಿಲಿಗೆ ಮರೆ, ತಪ್ಪದೆ ನೀರು, ಇವೇ ಇಲ್ಲಿ ಜೀವರಕ್ಷಣೆ. ಚಳಿಗಾಲದಲ್ಲಿ ನೂರು ಹೂ ಕೊಯ್ದು ಬೇಸಿಗೆಯಲ್ಲಿ ನೀರು ಮರೆಯುವುದು ಅನ್ನಪಾನನಿರೋಧವಲ್ಲದೆ ಮತ್ತೇನು?

ನೆಲಕ್ಕೆ ಒಗ್ಗುವ ಗಿಡವನ್ನೇ ಆರಿಸುವುದು ಇದಕ್ಕೂ ಮೇಲಾದ ಮಾರ್ಗ. ಕೆನಡಾದಲ್ಲಿ ಫೆಲಿಸಿಟಾಸ್ ಸ್ವೆಜ್ಡಾ ಅವರು 1960ರ ದಶಕದಿಂದ ಹಿಮ ತಾಳುವ ತಳಿಗಳನ್ನು ರೂಪಿಸಿದರು. ಕೊಡೈಕನಾಲಿನ ವೀರರಾಘವನ್ ಅವರು ಭಾರತದ ಕಾಡುಗುಲಾಬಿಗಳನ್ನು ಬಳಸಿ ಬಿಸಿಲು ತಾಳುವ ತಳಿಗಳನ್ನು ಬೆಳೆಸಿದರು. ದಿಕ್ಕು ಬೇರೆಯಾದರೂ ಇಬ್ಬರ ವಿವೇಕವೂ ಒಂದೇ: ಋತುವಿನೊಡನೆ ಕಾದಾಡದೆ ಅದಕ್ಕೆ ಹೊಂದುವ ಜೀವವನ್ನು ನೆಡುವುದು.

ಬಸದಿಯ ಅಂಗಳದಲ್ಲಿ ಹೂದೋಟ ಬೆಳೆಸುವ ಟ್ರಸ್ಟುಗಳೂ ಮನೆಯಂಗಳದ ಗೃಹಸ್ಥರೂ ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು. ಪೂಜೆಯ ಬುಟ್ಟಿಯಲ್ಲಿ ಹತ್ತು ಹೂ ಕಡಿಮೆಯಾದರೆ ಭಕ್ತಿಗೆ ಕೊರತೆಯಿಲ್ಲ. ಅದಕ್ಕಾಗಿ ಒಂದು ಬಾಟಲಿ ವಿಷವು ಅಂಗಳಕ್ಕೆ ಬಾರದೆ ಉಳಿದರೆ ಲಾಭವೇ ಹೆಚ್ಚು.